ರಕ್ತದೊತ್ತಡಕ್ಕೆ ಮೊದಲ ಮಾತ್ರೆ ಯಾವುದು?

ರಕ್ತದೊತ್ತಡ ಹೆಚ್ಚಿದೆ ಎಂದು ಖಚಿತವಾದ ಮೇಲೆ ವೈದ್ಯರು ಬರೆದುಕೊಡುವ ಮೊದಲ ಮಾತ್ರೆ ಸಾಮಾನ್ಯವಾಗಿ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿರುತ್ತದೆ. ಹೆಚ್ಚುವರಿ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಥಯಜೈಡ್ ಮಾತ್ರೆಗಳದು ಒಂದು ಗುಂಪು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಇದಕ್ಕೆ ಸೇರುತ್ತವೆ. ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುವ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳದು ಇನ್ನೊಂದು. ಆಮ್ಲೋಡಿಪಿನ್ ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಉಪ್ಪನ್ನು ದೇಹದಲ್ಲೇ ಹಿಡಿದಿಡುತ್ತದೆ. ಅದು ತಯಾರಾಗದಂತೆ ತಡೆಯುವ ಲಿಸಿನೊಪ್ರಿಲ್, ರಾಮಿಪ್ರಿಲ್‌ನಂಥ ಏಸ್ ಇನ್‌ಹಿಬಿಟರ್‌ಗಳು ಮೂರನೆಯ ಗುಂಪು. ತಯಾರಾದ ಹಾರ್ಮೋನು ತನ್ನ ಕೆಲಸ ಮಾಡದಂತೆ ಅಡ್ಡಗಟ್ಟುವ ಲೊಸಾರ್ಟನ್, ವಲ್ಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಎ.ಆರ್.ಬಿ.ಗಳು ನಾಲ್ಕನೆಯ ಗುಂಪು.

ಇವುಗಳಲ್ಲಿ ಯಾವುದರಿಂದ ಶುರುಮಾಡಬೇಕು ಎಂಬ ಪ್ರಶ್ನೆಗೆ ಐವತ್ತು ವರ್ಷಗಳಿಂದ ಉತ್ತರ ಹುಡುಕಲಾಗುತ್ತಿದೆ. ಆ ಹುಡುಕಾಟದ ಒಂದು ಮುಖ್ಯ ಪಾಲು ನಡೆದದ್ದು ಅಮೆರಿಕದ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ. ಕೆಲವು ಮಾತ್ರೆಗಳು ಹುಟ್ಟಿದ ಪ್ರಯೋಗಾಲಯಗಳು ನ್ಯೂಜೆರ್ಸಿಯ ಪಟ್ಟಣಗಳಲ್ಲಿದ್ದವು. ಅವನ್ನು ಯಾರಿಗೆ ಕೊಡಬೇಕೆಂಬ ವಾದ ಬೆಳೆದದ್ದು ಹಡ್ಸನ್ ನದಿಯ ಆಚೆ ದಡದ ಆಸ್ಪತ್ರೆಗಳಲ್ಲಿ. 2010ರ ಅಕ್ಕ ಸಮ್ಮೇಳನ ನಡೆದ ಎಡಿಸನ್ ಸುತ್ತಮುತ್ತ, ಜೆರ್ಸಿ ಸಿಟಿಯಲ್ಲಿ, ಕ್ವೀನ್ಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಹೊಸದಲ್ಲ. ನಲವತ್ತು ದಾಟಿದವರು ನಾಲ್ಕು ಜನ ಸೇರಿದ ಕಡೆ ಬಿ.ಪಿ. ಮಾತ್ರೆಯ ಮಾತು ಬಂದೇ ಬರುತ್ತದೆ.

ಮಾತ್ರೆಯ ಆಯ್ಕೆಗಿಂತ ಮೊದಲು ಆಗಬೇಕಾದದ್ದು ಸರಿಯಾದ ಅಳತೆ. ಕ್ಲಿನಿಕ್ಕಿನಲ್ಲಿ ಅವಸರದಲ್ಲಿ ತೆಗೆದ ಒಂದೇ ಒಂದು ಅಂಕಿಯನ್ನು ನಂಬಿ ಜೀವಮಾನದ ಔಷಧ ಶುರುಮಾಡುವುದು ಸರಿಯಲ್ಲ. ವೈದ್ಯರನ್ನು ಕಂಡೊಡನೆ ಕೆಲವರ ಒತ್ತಡ ಏರುತ್ತದೆ. ಇನ್ನು ಕೆಲವರದು ಕ್ಲಿನಿಕ್ಕಿನಲ್ಲಿ ಸರಿಯಿದ್ದು ಮನೆಯಲ್ಲಿ ಹೆಚ್ಚಿರುತ್ತದೆ. ಆದ್ದರಿಂದ ಮನೆಯಲ್ಲೇ, ತೋಳಿಗೆ ಕಟ್ಟುವ ಯಂತ್ರದಿಂದ, ಕೆಲವು ದಿನ ಬೆಳಿಗ್ಗೆ ಎರಡು ಸಲ ಸಂಜೆ ಎರಡು ಸಲ ಅಳೆದು ಸರಾಸರಿ ತೆಗೆಯಬೇಕು. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಸಿಗರೇಟು ಕೂಡದು. ಮೂತ್ರ ವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಪಟ್ಟಿಯನ್ನು ಬರಿ ತೋಳಿಗೇ ಕಟ್ಟಬೇಕು. ಅಳೆಯುವಾಗ ಮಾತು ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ರಕ್ತದೊತ್ತಡ ಕಾಣಿಸುತ್ತದೆ. ಇಷ್ಟನ್ನು ಪಾಲಿಸಿದ ಮೇಲೂ ಅಂಕಿ ಮೇಲೆಯೇ ನಿಂತರೆ ಆಗ ಮಾತ್ರೆಯ ಮಾತು.

ಎಷ್ಟಿದ್ದರೆ ಹೆಚ್ಚು ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ 2017ರಿಂದ 130/80 ಗಡಿ. 130ರಿಂದ 139 ಅಥವಾ 80ರಿಂದ 89 ಮೊದಲ ಹಂತ. 140/90 ಮತ್ತು ಅದಕ್ಕಿಂತ ಮೇಲೆ ಎರಡನೆಯ ಹಂತ. ಭಾರತದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ರೋಗವೆಂದು ಕರೆಯುವುದು 140/90ರಿಂದ. ಹಾಗಾಗಿ 134/84 ಇರುವವರು ಎಡಿಸನ್ನಿನಲ್ಲಿ ರೋಗಿ, ಮೈಸೂರಿನಲ್ಲಿ ಅಲ್ಲ. ಆದರೆ ಮೊದಲ ಹಂತದವರಿಗೆಲ್ಲ ಅಮೆರಿಕದಲ್ಲೂ ಕೂಡಲೇ ಮಾತ್ರೆ ಕೊಡುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಜೊತೆಯ ಸಂಸ್ಥೆಗಳು 2025ರ ಆಗಸ್ಟ್‌ನಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಹೃದಯರೋಗ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿಯ ತೊಂದರೆ ಇದ್ದರೆ 130/80ಕ್ಕೇ ಔಷಧ ಶುರು. ಇವು ಇಲ್ಲದಿದ್ದರೆ ಪ್ರಿವೆಂಟ್ ಎಂಬ ಲೆಕ್ಕಾಚಾರದಿಂದ ಮುಂದಿನ 10 ವರ್ಷಗಳ ಹೃದಯ, ರಕ್ತನಾಳದ ಅಪಾಯವನ್ನು ಅಂದಾಜು ಮಾಡುತ್ತಾರೆ. ಅದು ಶೇ. 7.5 ಅಥವಾ ಹೆಚ್ಚಿದ್ದರೆ ಮಾತ್ರೆ; ಕಡಿಮೆಯಿದ್ದರೆ ಮೂರರಿಂದ ಆರು ತಿಂಗಳು ಊಟ, ಉಪ್ಪು, ತೂಕ, ನಡಿಗೆಯ ಕಡೆ ಗಮನ ಕೊಟ್ಟು ನೋಡಿ, ಇಳಿಯದಿದ್ದರೆ ಆಗ ಮಾತ್ರೆ. 140/90 ದಾಟಿದವರಿಗೆ ಈ ಕಾಯುವಿಕೆ ಇಲ್ಲ.

ಪ್ರಿವೆಂಟ್ ಲೆಕ್ಕದಲ್ಲಿ ಜನಾಂಗವನ್ನು ಪರಿಗಣಿಸುವುದಿಲ್ಲ. ಆದರೆ ದಕ್ಷಿಣ ಏಷ್ಯಾ ಮೂಲದವರಿಗೆ ಹೃದಯರೋಗ ಬೇಗ ಬರುತ್ತದೆ, ಹೆಚ್ಚಾಗಿ ಬರುತ್ತದೆ ಎಂಬುದು ಅಮೆರಿಕದ ವೈದ್ಯಲೋಕ ಒಪ್ಪಿರುವ ಸಂಗತಿ. ಅಲ್ಲಿನ ಕೊಲೆಸ್ಟರಾಲ್ ಮಾರ್ಗಸೂಚಿಯೇ ಇದನ್ನು ಅಪಾಯ ಹೆಚ್ಚಿಸುವ ಅಂಶವೆಂದು ಹೆಸರಿಸಿದೆ. ತಂದೆಗೆ ಐವತ್ತರೊಳಗೆ ಹೃದಯಾಘಾತವಾಗಿತ್ತು, ತಾಯಿಗೆ ಸಕ್ಕರೆ ಇತ್ತು ಎಂಬ ಮನೆತನದ ವಿವರವನ್ನು ವೈದ್ಯರು ಕೇಳದಿದ್ದರೂ ಹೇಳುವುದು ಇದಕ್ಕಾಗಿಯೇ.

ಮಾತ್ರೆಗಳ ಈ ಆಯ್ಕೆಗಳೆಲ್ಲ ಈಚಿನವು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನವರಾದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಹೃದಯತಜ್ಞ ಹೊವಾರ್ಡ್ ಬ್ರೂನ್ 1944ರ ಮಾರ್ಚ್‌ನಲ್ಲಿ ಪರೀಕ್ಷಿಸಿದಾಗ ಒತ್ತಡ 186/108 ಇತ್ತು. ಜಗತ್ತಿನ ಅತಿ ಪ್ರಬಲ ವ್ಯಕ್ತಿಗೂ ಸಿಕ್ಕಿದ್ದು ಡಿಜಿಟಾಲಿಸ್, ನಿದ್ದೆ ತರುವ ಫಿನೋಬಾರ್ಬಿಟಾಲ್ ಮತ್ತು ಉಪ್ಪು ಕಡಿಮೆಯ ಊಟ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಒತ್ತಡವನ್ನು ನಿಜವಾಗಿ ಇಳಿಸುವ ಔಷಧದ ಸುದ್ದಿ ಪಶ್ಚಿಮಕ್ಕೆ ಬಂದದ್ದು ನಾಲ್ಕು ವರ್ಷಗಳ ನಂತರ, ಭಾರತದಿಂದ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಸರ್ಪಗಂಧಿ ಬೇರಿನ ಪರಿಣಾಮವನ್ನು ವರದಿ ಮಾಡಿದರು. ಅದರಿಂದ ಬೇರ್ಪಡಿಸಿದ ರಿಸರ್ಪಿನ್ ಅನ್ನು ಸೀಬಾ ಕಂಪನಿ ಮಾರುಕಟ್ಟೆಗೆ ತಂದಿತು. ಅದರ ಅಮೆರಿಕ ಶಾಖೆಯ ನೆಲೆ ನ್ಯೂಜೆರ್ಸಿಯ ಸಮಿಟ್ ಪಟ್ಟಣ. ಖಿನ್ನತೆಯಂಥ ತೊಂದರೆಗಳ ಕಾರಣ ರಿಸರ್ಪಿನ್ ಇಂದು ಮೊದಲ ಮಾತ್ರೆಯಾಗಿ ಉಳಿದಿಲ್ಲ. 1958ರಲ್ಲಿ ಮರ್ಕ್ ಕಂಪನಿ ಹೊರತಂದ ಕ್ಲೋರೋಥಯಜೈಡ್‌ನ ಮನೆತನ ಮಾತ್ರ ಇನ್ನೂ ಮುಂಚೂಣಿಯಲ್ಲಿದೆ.

ಏಸ್ ಇನ್‌ಹಿಬಿಟರ್‌ಗಳ ಹುಟ್ಟನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿನ ರೋಗಿ ಅನುಭವಿಸುವ ಒಂದು ತೊಂದರೆಯ ಮೂಲ ಅದರಲ್ಲಿದೆ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಜಾತಿಯ ಹಾವು ಕಚ್ಚಿದವರ ರಕ್ತದೊತ್ತಡ ಕುಸಿದುಬೀಳುತ್ತದೆ. ಆ ವಿಷದಲ್ಲಿ ಬ್ರಾಡಿಕೈನಿನ್ ಎಂಬ, ರಕ್ತನಾಳ ಹಿಗ್ಗಿಸುವ ವಸ್ತುವಿನ ಪ್ರಭಾವವನ್ನು ಹೆಚ್ಚಿಸುವ ಅಂಶವಿದೆ ಎಂದು ಬ್ರೆಜಿಲ್‌ನ ವಿಜ್ಞಾನಿ ಸರ್ಜಿಯೊ ಫೆರೇರಾ 1965ರಲ್ಲಿ ತೋರಿಸಿದರು. ಬ್ರಾಡಿಕೈನಿನ್ ಅನ್ನು ಒಡೆಯುವುದೂ ಆಂಜಿಯೊಟೆನ್ಸಿನ್ ಅನ್ನು ತಯಾರಿಸುವುದೂ ಒಂದೇ ಕಿಣ್ವ ಎಂಬುದು ಆಮೇಲೆ ಸ್ಪಷ್ಟವಾಯಿತು. ನ್ಯೂಜೆರ್ಸಿಯ ಸ್ಕ್ವಿಬ್ ಸಂಶೋಧನಾ ಸಂಸ್ಥೆಯಲ್ಲಿ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ವಿಷದಿಂದ ಟೆಪ್ರೊಟೈಡ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಅದು ಕೆಲಸ ಮಾಡುತ್ತಿತ್ತು, ಆದರೆ ಚುಚ್ಚುಮದ್ದಾಗಿ ಮಾತ್ರ. ನುಂಗಿದರೆ ಜೀರ್ಣವಾಗಿ ಹೋಗುತ್ತಿತ್ತು. ಕಿಣ್ವದ ಒಳಗೆ ಸತುವಿನ ಒಂದು ಕಣ ಇರುತ್ತದೆ ಎಂದು ಊಹಿಸಿ, ಆ ಸತುವನ್ನು ಹಿಡಿದುಕೊಳ್ಳುವಂತೆ ಗಂಧಕವಿರುವ ಒಂದು ಪುಟ್ಟ ಅಣುವನ್ನು ಅವರು ಕಟ್ಟಿದರು. ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಹಾಗೆ. 1981ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 1999ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ನ್ಯೂಜೆರ್ಸಿಯ ರಾವೆಯಲ್ಲಿ ಆರ್ಥರ್ ಪ್ಯಾಚೆಟ್ ನೇತೃತ್ವದ ಮರ್ಕ್ ತಂಡ ಗಂಧಕವಿಲ್ಲದ ಎನಾಲಪ್ರಿಲ್, ಲಿಸಿನೊಪ್ರಿಲ್‌ಗಳನ್ನು ರೂಪಿಸಿತು.

ಈ ಮಾತ್ರೆಗಳು ಬ್ರಾಡಿಕೈನಿನ್ ಒಡೆಯುವುದನ್ನೂ ತಡೆಯುತ್ತವೆ. ಅದು ಶ್ವಾಸನಾಳದಲ್ಲಿ ಸೇರಿಕೊಂಡಾಗ ಗಂಟಲು ಕೆರೆತ, ಒಣಕೆಮ್ಮು ಬರುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ತಿಂಗಳುಗಟ್ಟಲೆ ಕಷಾಯ, ಕೆಮ್ಮಿನ ಸಿರಪ್ಪು ಕುಡಿದರೂ ಹೋಗದ ಕೆಮ್ಮು ಮಾತ್ರೆ ಬದಲಿಸಿದ ಕೆಲವು ವಾರಗಳಲ್ಲಿ ಹೋಗುತ್ತದೆ. ಅಪರೂಪಕ್ಕೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರೇ ಕಟ್ಟಬಹುದು. ಅಂಥವರು ಕೂಡಲೇ ಆಸ್ಪತ್ರೆಗೆ ಹೋಗಬೇಕು, ಈ ಗುಂಪಿನ ಮಾತ್ರೆಯನ್ನು ಮುಂದೆಂದೂ ಮುಟ್ಟಬಾರದು. ಎ.ಆರ್.ಬಿ.ಗಳು ಬ್ರಾಡಿಕೈನಿನ್ ತಂಟೆಗೆ ಹೋಗದ ಕಾರಣ ಅವುಗಳಲ್ಲಿ ಕೆಮ್ಮು ತೀರಾ ಕಡಿಮೆ.

ಟೆಪ್ರೊಟೈಡ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದವರಲ್ಲಿ ಮೊದಲಿಗರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಲಾರಾ ಅವರ ತಂಡದವರು. 1975ರಲ್ಲಿ ಕಾರ್ನೆಲ್ ವೈದ್ಯಕೀಯ ಕೇಂದ್ರಕ್ಕೆ ಹೋದ ಲಾರಾ, ಅದೇ ವರ್ಷ ಜನವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡರು. ಅವರ ವಾದ ಸರಳ: ಎಲ್ಲರ ರಕ್ತದೊತ್ತಡವೂ ಒಂದೇ ಕಾಯಿಲೆಯಲ್ಲ. ಕೆಲವರಲ್ಲಿ ಉಪ್ಪು, ನೀರು ತುಂಬಿಕೊಂಡು ಒತ್ತಡ ಏರುತ್ತದೆ. ಅವರ ರಕ್ತದಲ್ಲಿ ಕಿಡ್ನಿ ಬಿಡುಗಡೆ ಮಾಡುವ ರೆನಿನ್ ಕಡಿಮೆ. ಇನ್ನು ಕೆಲವರಲ್ಲಿ ರೆನಿನ್ ಹೆಚ್ಚಾಗಿ ಆಂಜಿಯೊಟೆನ್ಸಿನ್ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಮೊದಲನೆಯವರಿಗೆ ಮೂತ್ರ ಹೆಚ್ಚಿಸುವ ಮಾತ್ರೆ, ಎರಡನೆಯವರಿಗೆ ರೆನಿನ್ ಸರಪಳಿಯನ್ನು ಕತ್ತರಿಸುವ ಮಾತ್ರೆ ಕೊಡಿ. ಹಾಗೆ ಮಾಡಲು ಮೊದಲು ರೆನಿನ್ ಅಳೆಯಿರಿ ಎಂದು 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಹೇಳುತ್ತಲೇ ಇದ್ದರು. ಎಲ್ಲರಿಗೂ ರೆನಿನ್ ಪರೀಕ್ಷೆ ಮಾಡಿ ಮಾತ್ರೆ ಬರೆಯುವ ಪದ್ಧತಿ ನೆಲೆಯೂರಲಿಲ್ಲ. ಆದರೂ ಬ್ರಿಟನ್ನಿನಲ್ಲಿ 55ರ ಒಳಗಿನವರಿಗೆ ಏಸ್ ಅಥವಾ ಎ.ಆರ್.ಬಿ., 55 ದಾಟಿದವರಿಗೆ ಕ್ಯಾಲ್ಸಿಯಂ ಬ್ಲಾಕರ್ ಎಂಬ ಸೂತ್ರ ಬಂದದ್ದಕ್ಕೆ ಹಿನ್ನೆಲೆ ಇದೇ ವಿಚಾರ: ವಯಸ್ಸಾದಂತೆ ರೆನಿನ್ ತಗ್ಗುತ್ತದೆ. ಆಲ್ಡೋಸ್ಟಿರೋನ್, ರೆನಿನ್ ಎರಡನ್ನೂ ಒಟ್ಟಿಗೆ ಅಳೆದು ಅಡ್ರಿನಲ್ ಗ್ರಂಥಿಯ ದೋಷವನ್ನು ಪತ್ತೆಮಾಡುವ ಪರೀಕ್ಷೆಯನ್ನು 2025ರ ಮಾರ್ಗಸೂಚಿ ಹಿಂದಿಗಿಂತ ಹೆಚ್ಚು ಜನರಿಗೆ ವಿಸ್ತರಿಸಿದೆ. ಒತ್ತಡ ಬಹಳ ಹೆಚ್ಚಿರುವವರು, ಪೊಟ್ಯಾಸಿಯಂ ಕಡಿಮೆ ಇರುವವರು ಇದರ ಬಗ್ಗೆ ವೈದ್ಯರನ್ನು ಕೇಳಬೇಕು.

ಯಾವ ಗುಂಪು ಮೇಲು ಎಂದು ನೇರವಾಗಿ ಹೋಲಿಸಿದ ಅತಿ ದೊಡ್ಡ ಪ್ರಯೋಗ ಆಲ್‌ಹ್ಯಾಟ್. ಅದರ ಫಲಿತಾಂಶ 2002ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. 55 ದಾಟಿದ 33,357 ಜನರಿಗೆ ಕ್ಲೋರ್‌ಥಾಲಿಡೋನ್, ಆಮ್ಲೋಡಿಪಿನ್, ಲಿಸಿನೊಪ್ರಿಲ್‌ಗಳಲ್ಲಿ ಒಂದನ್ನು ಕೊಟ್ಟು ವರ್ಷಗಟ್ಟಲೆ ಗಮನಿಸಲಾಯಿತು. ಹೃದಯಾಘಾತವನ್ನು ತಡೆಯುವುದರಲ್ಲಿ ಮೂರೂ ಸಮ. ಆದರೆ ಹೃದಯ ವೈಫಲ್ಯ ತಡೆಯುವುದರಲ್ಲಿ ಆಮ್ಲೋಡಿಪಿನ್‌ಗಿಂತ, ಪಾರ್ಶ್ವವಾಯು ತಡೆಯುವುದರಲ್ಲಿ ಲಿಸಿನೊಪ್ರಿಲ್‌ಗಿಂತ ಹಳೆಯ, ಅಗ್ಗದ ಕ್ಲೋರ್‌ಥಾಲಿಡೋನ್ ಮುಂದಿತ್ತು. ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುವುದು ಅದರ ದೋಷ. 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಅಧ್ಯಯನ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿ ಹೊಂದಿರುವ ಸಂಶೋಧಕರ ಅಂತರರಾಷ್ಟ್ರೀಯ ಕೂಟ ಅದನ್ನು ನಡೆಸಿತ್ತು. 49 ಲಕ್ಷ ಜನರ ಆಸ್ಪತ್ರೆ, ವಿಮೆ ದಾಖಲೆಗಳನ್ನು ಅವರು ಜಾಲಾಡಿದರು. ಥಯಜೈಡ್‌ನಿಂದ ಶುರುಮಾಡಿದವರಲ್ಲಿ ಏಸ್ ಇನ್‌ಹಿಬಿಟರ್‌ನಿಂದ ಶುರುಮಾಡಿದವರಿಗಿಂತ ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯು ಸುಮಾರು ಶೇ. 15ರಷ್ಟು ಕಡಿಮೆ ಕಂಡವು. ಆದರೆ ಬಳಕೆಯಲ್ಲಿ ಏಸ್ ಇನ್‌ಹಿಬಿಟರ್‌ಗಳೇ ಬಹಳ ಮುಂದಿದ್ದವು. ದಾಖಲೆಗಳ ಹೋಲಿಕೆ ನೇರ ಪ್ರಯೋಗದಷ್ಟು ಗಟ್ಟಿಯಲ್ಲ ಎಂಬುದನ್ನು ಮರೆಯಬಾರದು. ಹೀಗಿದ್ದೂ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹಳೆಯದೆಂಬ ಕಾರಣಕ್ಕೆ ಥಯಜೈಡ್ ಅನ್ನು ತಳ್ಳಿಹಾಕುವುದು ತಪ್ಪೆಂದು ಹೇಳಲೇಬೇಕು.

ಹಾಗಾದರೆ ಒಬ್ಬ ವ್ಯಕ್ತಿಯ ಮುಂದೆ ಕೂತ ವೈದ್ಯರು ನಿರ್ಧರಿಸುವುದು ಹೇಗೆ? ಬೇರೆ ಕಾಯಿಲೆಗಳೇ ಬಹುತೇಕ ಉತ್ತರ ಕೊಡುತ್ತವೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಜೊತೆಗಿದ್ದರೆ, ಏಸ್ ಅಥವಾ ಎ.ಆರ್.ಬಿ.; ಒತ್ತಡ ಇಳಿಸುವುದರ ಜೊತೆಗೆ ಇವು ಕಿಡ್ನಿಯನ್ನೂ ಕಾಯುತ್ತವೆ. ಅದಕ್ಕೇ ರಕ್ತದೊತ್ತಡವಿರುವ ಎಲ್ಲರಿಗೂ ಮೂತ್ರದ ಆಲ್ಬುಮಿನ್ ಪರೀಕ್ಷೆ ಆಗಬೇಕೆಂದು ಹೊಸ ಮಾರ್ಗಸೂಚಿ ಹೇಳುತ್ತದೆ. ಹೃದಯಾಘಾತ ಆಗಿದ್ದರೆ, ಹೃದಯ ದುರ್ಬಲವಾಗಿದ್ದರೆ ಈ ನಾಲ್ಕು ಗುಂಪುಗಳ ಹೊರಗಿನ ಬೀಟಾ ಬ್ಲಾಕರ್‌ಗೆ ಸ್ಥಾನವಿದೆ. ಬೇರೆ ಕಾರಣವಿಲ್ಲದವರಿಗೆ ಅದು ಮೊದಲ ಆಯ್ಕೆಯಲ್ಲ. ಗೌಟ್ ಇರುವವರಿಗೆ, ಸೋಡಿಯಂ ಇಳಿಯುವ ಹಿರಿಯರಿಗೆ ಥಯಜೈಡ್ ಹೊಂದುವುದಿಲ್ಲ. ಮೂಳೆ ಸವೆತವಿರುವವರಿಗೆ ಅದೇ ಥಯಜೈಡ್ ಒಳ್ಳೆಯದು, ಏಕೆಂದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಗ್ಗಿಸುತ್ತದೆ. ಕಾಲು ಊದಿಕೊಳ್ಳುವವರಿಗೆ ಆಮ್ಲೋಡಿಪಿನ್ ತೊಂದರೆ ಕೊಡಬಹುದು: ಸಂಜೆ ಹೊತ್ತಿಗೆ ಕಣಕಾಲಿನ ಮೇಲೆ ಕಾಲುಚೀಲದ ಗುರುತು ಆಳವಾಗಿ ಬೀಳುತ್ತದೆ. ಅದು ಕಿಡ್ನಿ ಕೆಟ್ಟಿತೆಂಬ ಸೂಚನೆಯಲ್ಲ. ಪ್ರಮಾಣ ತಗ್ಗಿಸಿದರೆ ಅಥವಾ ಜೊತೆಗೆ ಎ.ಆರ್.ಬಿ. ಸೇರಿಸಿದರೆ ಕಡಿಮೆಯಾಗುತ್ತದೆ. ಗರ್ಭಿಣಿಯರಿಗೆ, ಮಗುವಿನ ಯೋಚನೆಯಲ್ಲಿರುವ ಮಹಿಳೆಯರಿಗೆ ಏಸ್, ಎ.ಆರ್.ಬಿ. ಎರಡೂ ಕೂಡದು; ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗುತ್ತದೆ. ಅವರಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಇವೆ. ಇವಾವುದೂ ಇಲ್ಲದ, ಬರೀ ಒತ್ತಡ ಮಾತ್ರ ಇರುವವರಿಗೆ ನಾಲ್ಕರಲ್ಲಿ ಯಾವುದಾದರೂ ಸರಿ. ಏಸ್, ಎ.ಆರ್.ಬಿ.ಗಳ ನಡುವೆ ಆರಿಸುವಾಗ, ಫಲ ಒಂದೇ ಆಗಿ ಅಡ್ಡಪರಿಣಾಮ ಕಡಿಮೆಯಿರುವ ಎ.ಆರ್.ಬಿ.ಯೇ ಮೇಲೆಂದು ಕೊಲಂಬಿಯಾದವರ 2021ರ ಅಧ್ಯಯನ ಹೇಳಿದೆ. ಎರಡನ್ನೂ ಒಟ್ಟಿಗೆ ಮಾತ್ರ ಎಂದೂ ತೆಗೆದುಕೊಳ್ಳಬಾರದು.

ಒಂದು ಮಾತ್ರೆಯೋ ಎರಡೋ ಎಂಬುದು ಅಷ್ಟೇ ಮುಖ್ಯ. 140/90 ದಾಟಿದವರಿಗೆ ಎರಡು ಔಷಧಗಳನ್ನು, ಸಾಧ್ಯವಾದರೆ ಒಂದೇ ಗುಳಿಗೆಯಲ್ಲಿ, ಕಡಿಮೆ ಪ್ರಮಾಣದಲ್ಲಿ ಶುರುಮಾಡುವುದು ಈಗಿನ ಸಲಹೆ. ಎರಡೆಂದರೆ ಜನ ಹೆದರುತ್ತಾರೆ, ಕಾಯಿಲೆ ಜೋರಾಗಿದೆ ಎಂದುಕೊಳ್ಳುತ್ತಾರೆ. ಕಾರಣ ಬೇರೆ: ಇದ್ದ ಮಾತ್ರೆಯ ಪ್ರಮಾಣವನ್ನು ದುಪ್ಪಟ್ಟು ಮಾಡುವುದಕ್ಕಿಂತ ಬೇರೆ ಗುಂಪಿನ ಮಾತ್ರೆ ಸೇರಿಸಿದರೆ ಒತ್ತಡ ಸುಮಾರು ಐದು ಪಟ್ಟು ಹೆಚ್ಚು ಇಳಿಯುತ್ತದೆ, ಅಡ್ಡಪರಿಣಾಮವೂ ಕಡಿಮೆ. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಆಮ್ಲೋಡಿಪಿನ್ ಮೊದಲು, ಟೆಲ್ಮಿಸಾರ್ಟನ್ ಆಮೇಲೆ ಎಂಬ ಕ್ರಮವಿದ್ದು, ಕೊನೆಗೆ ತಲುಪುವುದು ಹೆಚ್ಚುಕಡಿಮೆ ಅಲ್ಲಿಗೇ.

ಏಸ್, ಎ.ಆರ್.ಬಿ. ಅಥವಾ ಥಯಜೈಡ್ ಶುರುವಾದ ಎರಡರಿಂದ ನಾಲ್ಕು ವಾರಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಲೇಬೇಕು. ಒತ್ತಡ ಹಿಡಿತಕ್ಕೆ ಬರುವವರೆಗೆ ತಿಂಗಳಿಗೊಮ್ಮೆ ಭೇಟಿ ಬೇಕು. ಅಂಕಿ ಸರಿಹೋಯಿತೆಂದು ಮಾತ್ರೆ ಬಿಡುವವರು ಬಹಳ; ಆದರೆ ಸರಿಹೋದದ್ದು ಮಾತ್ರೆಯಿಂದಲೇ.

ಮನೆಯಲ್ಲೇ ಇರುವ ಕೆಲವು ವಸ್ತುಗಳು ಮಾತ್ರೆಯ ವಿರುದ್ಧ ಕೆಲಸ ಮಾಡುತ್ತವೆ. ಮಂಡಿನೋವಿಗೆಂದು ಚೀಟಿಯಿಲ್ಲದೆ ಸಿಗುವ ಐಬುಪ್ರೊಫೆನ್, ನ್ಯಾಪ್ರಾಕ್ಸನ್ ಒತ್ತಡವನ್ನು ಏರಿಸುತ್ತವೆ. ಏಸ್ ಅಥವಾ ಎ.ಆರ್.ಬಿ. ಮತ್ತು ಥಯಜೈಡ್ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವನ್ನು ದಿನಾ ಸೇವಿಸಿದರೆ ಪೊಟ್ಯಾಸಿಯಂ ಇಳಿದು ಒತ್ತಡ ಏರುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ರೆಡಿಮಿಕ್ಸ್ ಪೊಟ್ಟಣಗಳಲ್ಲಿರುವ ಉಪ್ಪನ್ನು ಪೊಟ್ಟಣದ ಹಿಂದಿನ ಸೋಡಿಯಂ ಅಂಕಿಯಿಂದಲೇ ಲೆಕ್ಕಹಾಕಬೇಕು. ದಿನಕ್ಕೆ 2,300 ಮಿಲಿಗ್ರಾಂ ಮೀರಬಾರದು, 1,500 ಆದರೆ ಇನ್ನೂ ಒಳ್ಳೆಯದು. ಸೋಡಿಯಂ ಬದಲು ಪೊಟ್ಯಾಸಿಯಂ ಇರುವ ಉಪ್ಪು ಹಲವರಿಗೆ ಉಪಯುಕ್ತ, ಆದರೆ ಕಿಡ್ನಿ ತೊಂದರೆಯವರು, ಏಸ್ ಅಥವಾ ಎ.ಆರ್.ಬಿ. ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು.

ಕೊನೆಯದಾಗಿ, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬರುವ ತಂದೆತಾಯಿಯರ ವಿಷಯ. ಊರಿನಲ್ಲಿ ಮಾತ್ರೆಯನ್ನು ಕಂಪನಿಯ ಹೆಸರಿನಿಂದ ಗುರುತಿಸುವ ರೂಢಿ. ನ್ಯೂಜೆರ್ಸಿಯ ಔಷಧದಂಗಡಿ ಕೊಡುವ ಕಿತ್ತಳೆ ಬಣ್ಣದ ಡಬ್ಬಿಯ ಮೇಲೆ ಇರುವುದು ರಾಸಾಯನಿಕ ಹೆಸರು. ಊರಿಂದ ತಂದ ಟೆಲ್ಮಿಸಾರ್ಟನ್ ಇನ್ನೂ ಇರುವಾಗಲೇ ಇಲ್ಲಿ ಯಾರೋ ಬರೆದುಕೊಟ್ಟ ಲೊಸಾರ್ಟನ್ ಸೇರಿಬಿಟ್ಟರೆ ಒಂದೇ ಗುಂಪಿನ ಎರಡು ಮಾತ್ರೆ ಹೊಟ್ಟೆಗೆ ಹೋಗುತ್ತವೆ: ತಲೆಸುತ್ತು, ಬೀಳುವುದು, ಪೊಟ್ಯಾಸಿಯಂ ಏರುವುದು ಇದರ ಫಲ. ವಿಮಾನ ಹತ್ತುವ ಮೊದಲು ಅಪ್ಪ, ಅಮ್ಮ ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಪಟ್ಟಿಯ ಹಿಂಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೂ ಎಷ್ಟು ಮಿಲಿಗ್ರಾಂ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಕೈಚೀಲದಲ್ಲಿ ಇಡಿ. ಇಲ್ಲಿ ಯಾವ ವೈದ್ಯರ ಬಳಿ ಹೋದರೂ ಮೊದಲು ಆ ಚೀಟಿಯನ್ನು ತೋರಿಸಿ.